ಪಕ್ಕೆಗೆ ಹಾಕಿದ ಪೈಪು

ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ಹಳೇ ಕ್ಯಾಲೆಂಡರೊಂದನ್ನು ನಾನಿನ್ನೂ ಎಸೆದಿಲ್ಲ. ಅದರ ಚೌಕಗಳಲ್ಲಿ ಹಾಲಿನ ಲೆಕ್ಕವಿದೆ, ಅಡಿಕೆ ಸುಲಿಯಲು ಬಂದವರ ಲೆಕ್ಕವಿದೆ. ಇವೆರಡರ ಕೆಳಗೆ, ನನ್ನ ಕೈಬರಹದಲ್ಲಿ, ಇನ್ನೊಂದು ಲೆಕ್ಕ: ‘ಬೆ. 140, ಹಳದಿ’, ‘ರಾ. 60, ಕಡುಹಸಿರು, ಗಸಿ ಇದೆ’, ‘ಬೆ. ಬರೀ 10, ಫೋನ್ ಮಾಡಿದೆ’. ದೊಡ್ಡಪ್ಪನ ಬಲಪಕ್ಕೆಯಿಂದ ಪೈಪಿನ ಮೂಲಕ ಚೀಲಕ್ಕೆ ಇಳಿದ ಪಿತ್ತರಸದ ಲೆಕ್ಕ ಅದು, ಮಿಲಿಲೀಟರುಗಳಲ್ಲಿ. ಹನ್ನೊಂದು ವಾರದ್ದು.

ದೊಡ್ಡಪ್ಪನಿಗೆ ಆಗ 81 ವರ್ಷ. ಹೃದಯದ ಬಡಿತದಲ್ಲಿ ಮೊದಲಿನ ಕಸುವಿಲ್ಲ, ಒಂದು ಸ್ಟೆಂಟ್ ಬೇರೆ ಹಾಕಿದೆ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು. ಒಂದು ರಾತ್ರಿ ಪಕ್ಕೆಲುಬಿನ ಕೆಳಗೆ ನೋವೆಂದರು. ನಮ್ಮ ಕಡೆ ಹೊಟ್ಟೆಯ ಮೇಲ್ಭಾಗದ ಯಾವ ನೋವಿಗೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಜೀರಿಗೆ ಕಷಾಯ, ಮೆಡಿಕಲ್ ಶಾಪಿನ ಮಾತ್ರೆ ಎಂದು ಎರಡು ದಿನ ಕಳೆದೆವು. ಮೂರನೇ ದಿನ ಚಳಿಜ್ವರ ಬಂತು, ಮಾತು ತೊದಲಿತು. ಆಗುಂಬೆ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನಿಂಗಿನಲ್ಲಿ ಕಂಡದ್ದು: ಪಿತ್ತಕೋಶದ ಕತ್ತಿನಲ್ಲಿ ಸಿಕ್ಕಿಕೊಂಡ ಕಲ್ಲು, ಊದಿದ ಗೋಡೆ, ಒಳಗೆ ಕೀವು. ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ಹೃದ್ರೋಗ ತಜ್ಞರು ಮೂವರೂ ಬಂದು ನೋಡಿದರು. ‘ಆಪರೇಷನ್ ಈಗ ಹೈ ರಿಸ್ಕ್. ಚರ್ಮದ ಮೂಲಕ ಒಂದು ಪೈಪು ಹಾಕಿ ಕೀವು ತೆಗೆಯೋಣ. ಸಣ್ಣ ತೂತು, ಇಪ್ಪತ್ತು ನಿಮಿಷದ ಕೆಲಸ’ ಎಂದರು. ಸಹಿ ಹಾಕಿದೆವು.

ಅವರು ಹೇಳಿದ್ದು ನಿಜ. ತೂತು ಸಣ್ಣದೇ, ಇಪ್ಪತ್ತು ನಿಮಿಷವೇ ಹಿಡಿಯಿತು. ಆದರೆ ಆ ಇಪ್ಪತ್ತು ನಿಮಿಷದ ಆಚೆಗೆ ಹನ್ನೊಂದು ವಾರಗಳಿದ್ದವು. ಅಪಾಯದ ಬಹುಪಾಲು ಇದ್ದದ್ದು ಆ ವಾರಗಳಲ್ಲಿ, ನಮ್ಮ ಮನೆಯ ಮಂಚದ ಮೇಲೆ, ನಮ್ಮ ಕೈಯಲ್ಲಿ. ಇದನ್ನು ಮೊದಲೇ ತಿಳಿದಿದ್ದರೆ ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆಗಳೇ ಬೇರೆಯಿರುತ್ತಿದ್ದವು. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಬರೆಯಲು ಅದೇ ಕಾರಣ.

ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ದಿನಕ್ಕೆ 600ರಿಂದ 1,000 ಮಿಲಿಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಅದರ ಅಡಿಗೆ ಅಂಟಿಕೊಂಡಿರುವ ಪಿತ್ತಕೋಶ ಸಣ್ಣ ಚೀಲ. ಹಿಡಿಯುವುದು 30ರಿಂದ 50 ಮಿಲಿಲೀಟರ್. ಜಿಡ್ಡಿನ ಊಟ ಕರುಳಿಗೆ ಇಳಿದಾಗ ಅದು ಹಿಂಡಿಕೊಂಡು, ಕೂಡಿಟ್ಟ ಗಟ್ಟಿ ಪಿತ್ತವನ್ನು ಸಣ್ಣ ನಾಳದ ಮೂಲಕ ಕಳಿಸುತ್ತದೆ. ಆ ನಾಳದ ಬಾಯಿಗೆ ಕಲ್ಲೊಂದು ಬಂದು ಕೂತರೆ ಚೀಲ ಉಬ್ಬುತ್ತದೆ, ಗೋಡೆ ಬಾಯುತ್ತದೆ, ನಿಂತ ರಸದಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಗೋಡೆಗೆ ರಕ್ತ ಸಾಲದೆ ಅದು ಕೊಳೆಯಲೂಬಹುದು. ಕಲ್ಲೇ ಇಲ್ಲದೆಯೂ ಹೀಗಾಗುವುದುಂಟು. ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಬಾಯಿಂದ ಆಹಾರವಿಲ್ಲದೆ ಮಲಗಿದವರಲ್ಲಿ, ದೊಡ್ಡ ಸುಟ್ಟಗಾಯದವರಲ್ಲಿ ಪಿತ್ತಕೋಶ ತಾನಾಗಿ ಬಾತುಕೊಳ್ಳುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೂ ಜ್ವರವೂ ಮಂದವಾಗಿಯೇ ಇರುತ್ತವೆ. ಒಳಗೆ ಕೀವು ತುಂಬಿದ್ದರೂ ಮುದುಕರು ‘ಊಟ ಸೇರುತ್ತಿಲ್ಲ’ ಎಂದಷ್ಟೇ ಹೇಳುತ್ತಾರೆ. ಎರಡು ದಿನ ಕಷಾಯ ಕೊಟ್ಟವರು ನಾವು, ಆ ತಪ್ಪು ನಮ್ಮದೇ.

ಇದಕ್ಕೆ ಖಚಿತವಾದ ಚಿಕಿತ್ಸೆ ಪಿತ್ತಕೋಶವನ್ನೇ ತೆಗೆಯುವುದು. ಬರ್ಲಿನ್ನಿನಲ್ಲಿ 1882ರ ಜುಲೈನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಅದನ್ನು ಮೊದಲು ಮಾಡಿ ತೋರಿಸಿದರು. ಕಲ್ಲು ತೆಗೆದು ಚೀಲ ಬಿಟ್ಟರೆ ಅದು ಮತ್ತೆ ಕಲ್ಲು ಕಟ್ಟುತ್ತದೆ ಎಂಬುದು ಅವರ ವಾದ. ಅದಕ್ಕೂ ಹದಿನೈದು ವರ್ಷ ಮೊದಲು, 1867ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾನ್ ಬಾಬ್ಸ್ ಎಂಬ ವೈದ್ಯರು ಹೆಂಗಸೊಬ್ಬರ ಹೊಟ್ಟೆಯ ಗಡ್ಡೆಯೆಂದು ಕೊಯ್ದು, ಪಿತ್ತಕೋಶವೆಂದು ತಿಳಿದು, ಕಲ್ಲುಗಳನ್ನಷ್ಟೇ ತೆಗೆದು ಹೊಲಿದಿದ್ದರು. ಆ ರೋಗಿ ಬಾಬ್ಸ್ ತೀರಿಕೊಂಡ ಮೇಲೂ ಬಹುಕಾಲ ಬದುಕಿದರು. ಇವರಿಬ್ಬರಿಗಿಂತ ನೂರು ವರ್ಷಕ್ಕೂ ಹಿಂದಿನ ಪ್ಯಾರಿಸ್ಸಿನ ಜಾನ್ ಲೂಯಿ ಪೆಟಿ ನನಗೆ ಹೆಚ್ಚು ಹತ್ತಿರದವರು. ಪಿತ್ತಕೋಶ ಉಬ್ಬಿ ಹೊಟ್ಟೆಯ ಗೋಡೆಗೆ ಅಂಟಿಕೊಂಡಿದ್ದರೆ ಮಾತ್ರ ಹೊರಗಿನಿಂದ ಚುಚ್ಚಿ ಖಾಲಿ ಮಾಡಬಹುದು, ಅಂಟಿರದಿದ್ದರೆ ಚುಚ್ಚಬಾರದು ಎಂದು ಅವರು 1743ರಲ್ಲಿ ಬರೆದರು. ಕಾರಣ ಸರಳ. ಅಂಟಿದ್ದರೆ ಪಿತ್ತ ಹೊರಗೆ ಬರುತ್ತದೆ, ಅಂಟಿರದಿದ್ದರೆ ಹೊಟ್ಟೆಯೊಳಗೆ ಚೆಲ್ಲುತ್ತದೆ. ಈ ಪೈಪಿನ ಅಪಾಯಗಳಲ್ಲಿ ಅರ್ಧಕ್ಕರ್ಧ ಇವತ್ತಿಗೂ ಆ ಒಂದು ಮಾತಿನಲ್ಲಿವೆ: ಪಿತ್ತ ಚೆಲ್ಲಬಾರದು.

ಅಲ್ಟ್ರಾಸೌಂಡ್ ಬಂದಮೇಲೆ ಪಿತ್ತಕೋಶ ಎಲ್ಲಿದೆ, ಸೂಜಿ ಎಲ್ಲಿ ಹೋಗುತ್ತಿದೆ ಎಂದು ಕಣ್ಣಾರೆ ನೋಡುತ್ತ ಚುಚ್ಚುವುದು ಸಾಧ್ಯವಾಯಿತು. ಕೀವು ತುಂಬಿದ ಪಿತ್ತಕೋಶಕ್ಕೆ ಹೀಗೆ ಪೈಪು ಹಾಕಿದ್ದನ್ನು ರಾಡರ್ ಎಂಬ ವೈದ್ಯರು 1980ರಲ್ಲಿ ವರದಿ ಮಾಡಿದರು. ಪೈಪು ಏರಿಸುವ ಉಪಾಯ ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ್ದು. ಪೈಜಾಮಕ್ಕೆ ಲಾಡಿ ಏರಿಸಲು ಮೊದಲು ಪಿನ್ನು ಹೋಗುವಂತೆ, ಇಲ್ಲಿ ಮೊದಲು ಟೊಳ್ಳು ಸೂಜಿ ಹೋಗುತ್ತದೆ. ಸೂಜಿಯೊಳಗಿಂದ ಬಾಗುವ ತಂತಿ ಹೋಗುತ್ತದೆ. ಸೂಜಿಯನ್ನು ಹೊರಗೆಳೆದು, ತಂತಿಯ ಮೇಲೆಯೇ ಪೈಪನ್ನು ಜಾರಿಸಿ, ಕೊನೆಗೆ ತಂತಿಯನ್ನೂ ತೆಗೆಯುತ್ತಾರೆ. ಪೈಪು ಬಾಲ್‌ಪೆನ್ನಿನ ರೀಫಿಲ್‌ನಷ್ಟು ದಪ್ಪ, ಮೂರು ಮಿಲಿಮೀಟರಿನ ಆಸುಪಾಸು. ಒಳಗೆ ಹೋದಮೇಲೆ ಅದರ ತುದಿ ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿ ಬಿಚ್ಚದಂತೆ ಒಳಗೊಂದು ದಾರ ಬಿಗಿದಿರುತ್ತದೆ. ಇಡೀ ಕೆಲಸಕ್ಕೆ ಚರ್ಮ ಮರಗಟ್ಟಿಸುವ ಒಂದು ಇಂಜೆಕ್ಷನ್ ಸಾಕು. ಪೂರ್ತಿ ಅರಿವಳಿಕೆಯನ್ನು ತಡೆದುಕೊಳ್ಳಲಾರದ ಹೃದಯಕ್ಕೆ, ಶ್ವಾಸಕೋಶಕ್ಕೆ ಇದು ಎಂಥ ವರವೆಂಬುದನ್ನು ಬೇರೆ ಹೇಳಬೇಕಿಲ್ಲ. ದೊಡ್ಡಪ್ಪನ ಚೀಲಕ್ಕೆ ಮೊದಲು ಇಳಿದದ್ದು ಕೊಳಕು ಬೂದಿ ಬಣ್ಣದ ಕೀವು. ಮಾರನೇ ದಿನ ಸಂಜೆಯ ಹೊತ್ತಿಗೆ ಜ್ವರ ಬಿಟ್ಟಿತ್ತು, ದೊಡ್ಡಮ್ಮನನ್ನು ಹೆಸರು ಹಿಡಿದು ಕರೆದರು. ಈ ಪೈಪು ಅವರ ಜೀವ ಉಳಿಸಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂದೆ ಹೇಳುವುದನ್ನು ಈ ಮಾತಿನ ಜೊತೆಗೇ ಓದಬೇಕು.

ಸೂಜಿ ಹೋಗಲು ಎರಡು ದಾರಿಗಳಿವೆ. ಒಂದು, ಯಕೃತ್ತಿನ ಮೂಲಕ. ಪಿತ್ತಕೋಶ ಯಕೃತ್ತಿಗೆ ಅಂಟಿಕೊಂಡ ಜಾಗದಿಂದಲೇ ಒಳಹೊಕ್ಕರೆ, ತೂತಿನ ಸುತ್ತ ಯಕೃತ್ತಿನ ಮಾಂಸವೇ ಬಿರಡೆಯಂತೆ ಕೂರುತ್ತದೆ, ಪಿತ್ತ ಸುಲಭಕ್ಕೆ ಸೋರದು. ಪೆಟಿ ಹೇಳಿದ ‘ಅಂಟು’ ಇಲ್ಲಿ ಹುಟ್ಟಿನಿಂದಲೇ ಇದೆ. ಆದರೆ ಯಕೃತ್ತೆಂದರೆ ರಕ್ತದ ಕಣಜ. ಚುಚ್ಚುವಾಗ ನಾಳಕ್ಕೆ ತಾಗಿದರೆ ರಕ್ತಸ್ರಾವ. ಇನ್ನೊಂದು ದಾರಿ ಯಕೃತ್ತನ್ನು ತಪ್ಪಿಸಿ ಹೊಟ್ಟೆಯ ಪೊರೆಯ ಮೂಲಕ ನೇರ ಪಿತ್ತಕೋಶಕ್ಕೆ. ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಇದನ್ನು ಆರಿಸುವುದುಂಟು. ಇಲ್ಲಿ ರಕ್ತದ ಭಯ ಕಡಿಮೆ, ಚೆಲ್ಲುವ ಭಯ ಹೆಚ್ಚು. ಪಕ್ಕದಲ್ಲೇ ಹಾಯುವ ದೊಡ್ಡ ಕರುಳಿಗೆ ಸೂಜಿ ತಾಗುವ ಅಪಾಯವೂ ಇದೆ. ಅತ್ತ ದರಿ, ಇತ್ತ ಪುಲಿ. ರೋಗಿಯ ರಕ್ತದ ವರದಿ, ಸ್ಕ್ಯಾನಿನಲ್ಲಿ ಕಾಣುವ ಜಾಗ ಎರಡನ್ನೂ ನೋಡಿ ವೈದ್ಯರು ಆರಿಸುತ್ತಾರೆ.

ರಕ್ತ ತೆಳು ಮಾಡುವ ಮಾತ್ರೆಯ ಪ್ರಶ್ನೆ ಇಲ್ಲಿಯೇ ಬರುತ್ತದೆ. ಸ್ಟೆಂಟ್ ಇರುವವರು ಅದನ್ನು ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳುವ ಭಯ, ನಿಲ್ಲಿಸದಿದ್ದರೆ ಯಕೃತ್ತಿನಿಂದ ರಕ್ತ ಹರಿಯುವ ಭಯ. ಹೃದಯಕ್ಕೆ ಮಾತ್ರೆ ಬರೆದುಕೊಟ್ಟವರೊಡನೆ ಮಾತಾಡದೆ ಇದನ್ನು ತೀರ್ಮಾನಿಸುವಂತಿಲ್ಲ. ರೋಗಿ ಯಾವ ಮಾತ್ರೆಯನ್ನು ಕೊನೆಗೆ ಯಾವಾಗ ನುಂಗಿದ್ದು ಎಂಬುದನ್ನು ಮನೆಯವರು ಗಂಟೆಯ ಸಮೇತ ಹೇಳಬೇಕು. ಬಿಳಿ ಮಾತ್ರೆ, ಗುಲಾಬಿ ಮಾತ್ರೆ ಎಂದರೆ ಸಾಲದು. ದೊಡ್ಡಮ್ಮ ಮಾತ್ರೆಗಳ ಖಾಲಿ ಹಾಳೆಗಳನ್ನೆಲ್ಲ ಸೆರಗಿನಲ್ಲಿ ಗಂಟುಕಟ್ಟಿ ತಂದಿದ್ದಳು. ಆ ರಾತ್ರಿ ಅದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಲಿಲ್ಲ.

ರಕ್ತದ ತೊಂದರೆ ಕೂಡಲೇ ಕಾಣಬೇಕೆಂದಿಲ್ಲ. ಯಕೃತ್ತಿನೊಳಗೆ ಗೀರುಬಿದ್ದ ಅಪಧಮನಿಯ ಗೋಡೆ ಮೆಲ್ಲಗೆ ಗುಳ್ಳೆಯಂತೆ ಉಬ್ಬಿ, ಹತ್ತು ಹದಿನೈದು ದಿನದ ಮೇಲೆ ಪಿತ್ತನಾಳದೊಳಗೆ ಒಡೆಯಬಹುದು. ಆಗ ಚೀಲದಲ್ಲಿ ಕೆಂಪು ಕಾಣುತ್ತದೆ, ಇಲ್ಲವೇ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಪಕ್ಕೆನೋವು, ಕಾಮಾಲೆ, ಕರುಳಿನಲ್ಲಿ ರಕ್ತ ಎಂಬ ಮೂರು ಲಕ್ಷಣಗಳನ್ನು ಒಟ್ಟಿಗೆ ಗುರುತಿಸಿಟ್ಟವರು ಜರ್ಮನಿಯ ಹೈನ್ರಿಖ್ ಕ್ವಿಂಕೆ, 1871ರಲ್ಲಿ. ಇವತ್ತು ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಕೆ ಕಳಿಸಿ ಆ ಗುಳ್ಳೆಯನ್ನು ಒಳಗಿಂದಲೇ ಮುಚ್ಚುತ್ತಾರೆ. ಹೊತ್ತಿಗೆ ಸರಿಯಾಗಿ ತಲುಪಬೇಕಷ್ಟೆ.

ಚುಚ್ಚುವ ಗಳಿಗೆಯ ಬೇರೆ ಅವಘಡಗಳೂ ಇವೆ. ಉಬ್ಬಿದ ಪಿತ್ತಕೋಶಕ್ಕೆ ಸೂಜಿ ತಾಗಿದೊಡನೆ ಕೆಲವರ ನಾಡಿ ತಟ್ಟನೆ ನಿಧಾನವಾಗುತ್ತದೆ, ಬಿಪಿ ಕುಸಿಯುತ್ತದೆ. ಮೊದಲೇ ಸೋತ ಹೃದಯಕ್ಕೆ ಇದು ಚಿಕ್ಕ ಸಂಗತಿಯಲ್ಲ, ಆ ಕಾರಣಕ್ಕೇ ನಾಡಿ ಏರಿಸುವ ಔಷಧಿ ಕೈಗೆಟಕುವಂತಿರುತ್ತದೆ. ಶ್ವಾಸಕೋಶದ ಪೊರೆ ನಾವೆಣಿಸುವುದಕ್ಕಿಂತ ಕೆಳಗಿನವರೆಗೂ ಇಳಿದಿರುವುದರಿಂದ, ಪಕ್ಕೆಲುಬುಗಳ ನಡುವೆ ಮೇಲಿನಿಂದ ಚುಚ್ಚಿದರೆ ಅಲ್ಲಿಗೆ ಗಾಳಿಯೋ ಪಿತ್ತವೋ ಸೇರಿ ಉಸಿರೆಳೆಯುವಾಗ ಇರಿದಂತಾಗುತ್ತದೆ. ಇನ್ನೊಂದು, ಪೈಪು ಹಾಕಿದ ಕೆಲವೇ ಗಂಟೆಗಳಲ್ಲಿ ಮೈ ನಡುಗುವ ಚಳಿ. ಒತ್ತಡದಲ್ಲಿದ್ದ ಕೊಳೆತ ರಸದ ಸೂಕ್ಷ್ಮಾಣುಗಳು ರಕ್ತಕ್ಕೆ ನುಗ್ಗಿದ ಗುರುತದು. ಅದಕ್ಕೇ ಮೊದಲ ದಿನ ಪಿತ್ತಕೋಶವನ್ನು ಖಾಲಿ ಮಾಡುತ್ತಾರೆಯೇ ಹೊರತು, ಬಣ್ಣದ ದ್ರವ ತುಂಬಿ ಎಕ್ಸ್-ರೇ ತೆಗೆಯುವ ಆತುರ ತೋರುವುದಿಲ್ಲ.

ಇಷ್ಟೆಲ್ಲ ಇದ್ದರೂ ಸೂಜಿ ತಾನಾಗಿ ಕೊಲ್ಲುವುದು ತೀರ ಅಪರೂಪ. ಸ್ವೀಡನ್ನಿನ ವೈದ್ಯರು 53 ಅಧ್ಯಯನಗಳ 1,918 ರೋಗಿಗಳ ಲೆಕ್ಕ ಕೂಡಿಸಿ 2009ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯಿಂದಲೇ ಆದ ಸಾವು ಶೇ 0.36. ಆದರೆ ಮೂವತ್ತು ದಿನದೊಳಗೆ ಯಾವುದೇ ಕಾರಣಕ್ಕೆ ತೀರಿಕೊಂಡವರು ಶೇ 15.4. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಪೈಪು ಹಾಕಿಸಿಕೊಳ್ಳುವವರು ಮೊದಲೇ ಬಹಳ ಕಾಯಿಲೆಯವರು ಎಂಬುದು ಅದರ ಒಂದು ಅರ್ಥ. ಪೈಪು ಕಾಯಿಲೆಯನ್ನು ತಣಿಸುತ್ತದೆ, ಮುಗಿಸುವುದಿಲ್ಲ ಎಂಬುದು ಇನ್ನೊಂದು. ಕಲ್ಲು ಅಲ್ಲಿಯೇ ಇರುತ್ತದೆ. ಗೋಡೆ ಆಗಲೇ ಕೊಳೆತಿದ್ದರೆ, ತೂತಾಗಿದ್ದರೆ ಪೈಪಿನಿಂದ ಸುಧಾರಿಸದು. ಎರಡು ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ಬೇರೆ ದಾರಿ ಹುಡುಕಲೇಬೇಕು.

ನೆದರ್ಲ್ಯಾಂಡ್ಸ್‌ನ 11 ಆಸ್ಪತ್ರೆಗಳ ಶಸ್ತ್ರಚಿಕಿತ್ಸಕರು ಕೇಳಿದ ಪ್ರಶ್ನೆಗೆ ದೊಡ್ಡ ಧೈರ್ಯ ಬೇಕಿತ್ತು. ಹೈ ರಿಸ್ಕ್ ಎನ್ನಿಸಿಕೊಂಡವರಿಗೆ ಪೈಪೇ ಸುರಕ್ಷಿತವೆಂದು ಎಲ್ಲರೂ ನಂಬಿದ್ದೇವಲ್ಲ, ಅದು ನಿಜವೇ? ನಾಡಿ, ಬಿಪಿ, ರಕ್ತದ ವರದಿ, ವಯಸ್ಸು, ಹಳೆಯ ಕಾಯಿಲೆ ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸುವ ಅಪಾಚೆ 2 ಎಂಬ ಲೆಕ್ಕವಿದೆ. ಅದರಲ್ಲಿ 7ರಿಂದ 14 ಅಂಕ ಬಂದ, ಕಲ್ಲಿನಿಂದ ಪಿತ್ತಕೋಶ ಬಾತಿದ್ದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. 66 ಮಂದಿಗೆ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು, 68 ಮಂದಿಗೆ ಪೈಪು ಹಾಕಿದರು. ನಡುವೆ ಲೆಕ್ಕ ನೋಡಿದಾಗ ಅಂತರ ಎಷ್ಟಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆ ನಿಲ್ಲಿಸಿದರು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ದೊಡ್ಡ ತೊಡಕುಗಳು ಆಪರೇಷನ್ ಆದವರಲ್ಲಿ ಶೇ 12, ಪೈಪಿನವರಲ್ಲಿ ಶೇ 65. ವರ್ಷದೊಳಗೆ ಮತ್ತೊಮ್ಮೆ ಏನಾದರೂ ಚಿಕಿತ್ಸೆ ಮಾಡಬೇಕಾದದ್ದು ಶೇ 12 ಮತ್ತು ಶೇ 66. ಪಿತ್ತದ ಕಾಯಿಲೆ ಮರುಕಳಿಸಿದ್ದು ಶೇ 5 ಮತ್ತು ಶೇ 53. ಸಾವಿನಲ್ಲಿ, ಶೇ 3 ಮತ್ತು ಶೇ 9, ಖಚಿತವಾಗಿ ಹೇಳಬಹುದಾದ ವ್ಯತ್ಯಾಸವಿರಲಿಲ್ಲ.

ಈ ಅಂಕಿಗಳನ್ನು ಹಿಡಿದು ‘ನಮಗೆ ಪೈಪು ಹಾಕಿದ್ದು ತಪ್ಪು’ ಎಂದು ವಾರ್ಡಿನಲ್ಲಿ ಜಗಳಕ್ಕೆ ನಿಲ್ಲಬಾರದು. ಅಂಕ 15 ದಾಟಿದವರು, ತೀವ್ರ ನಿಗಾ ಘಟಕದಲ್ಲಿದ್ದವರು ಆ ಪ್ರಯೋಗದಲ್ಲಿ ಇರಲೇ ಇಲ್ಲ. ಬಿಪಿ ಹಿಡಿದಿಡಲು ಔಷಧಿಯ ಹನಿ ಹರಿಯುತ್ತಿರುವವರಿಗೆ, ಉಸಿರಿಗೆ ಯಂತ್ರ ಬೇಕಾದವರಿಗೆ ಪೈಪು ಇವತ್ತಿಗೂ ಆಸರೆ. ಆ ರಾತ್ರಿ ದೊಡ್ಡಪ್ಪ ಇದ್ದ ಸ್ಥಿತಿಯಲ್ಲಿ ಬೇರೇನನ್ನೂ ಮಾಡುವಂತಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಆ ಪ್ರಯೋಗದಿಂದ ಒಂದು ಮಾತು ಸ್ಪಷ್ಟ. ‘ಹೈ ರಿಸ್ಕ್’ ಎಂಬುದು ಒಂದೇ ತೂಕದ ಪದವಲ್ಲ. ಎಂಬತ್ತು ದಾಟಿದ್ದಾರೆಂಬುದು ಒಂದೇ ಕಾರಣವಾಗಿ ಆಪರೇಷನ್ ಬಿಟ್ಟು ಪೈಪು ಹಾಕುತ್ತಿದ್ದರೆ, ನುರಿತ ಶಸ್ತ್ರಚಿಕಿತ್ಸಕರೂ ಅರಿವಳಿಕೆ ತಜ್ಞರೂ ಇರುವ ಕಡೆ ಇನ್ನೊಮ್ಮೆ ವಿಚಾರಿಸುವ ಹಕ್ಕು ಮನೆಯವರಿಗೆ ಇದೆ. ಆಪರೇಷನ್ ಯಾತಕ್ಕೆ ಬೇಡ, ಹೃದಯವೇ, ಶ್ವಾಸಕೋಶವೇ, ಈಗಿನ ನಂಜೇ? ಆ ಕಾರಣ ವಾರದಲ್ಲಿ ಸರಿಹೋಗುವಂಥದೇ, ಎಂದಿಗೂ ಸರಿಹೋಗದ್ದೇ? ಎಂದಿಗೂ ಸರಿಹೋಗದ್ದಾದರೆ ಈ ಪೈಪು ಎಂದು ಹೊರಬರುತ್ತದೆ? ಈ ಕೊನೆಯ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಹಾಕುವುದನ್ನು ಕೇಳಿದೆವು, ತೆಗೆಯುವುದನ್ನು ಕೇಳಲಿಲ್ಲ.

ಪೈಪಿನ ಸುತ್ತ ಮೈ ತಾನೇ ಒಂದು ಕೊಳವೆ ಕಟ್ಟುತ್ತದೆ. ಬೇಲಿತಂತಿಯನ್ನು ಮರ ಒಳಗೆ ನುಂಗಿಕೊಂಡು ತೊಗಟೆ ಕಟ್ಟುವುದನ್ನು ತೋಟದಲ್ಲಿ ನೋಡಿದವರಿಗೆ ಇದು ಅರ್ಥವಾದೀತು. ಆ ಕೊಳವೆ ಗಟ್ಟಿಯಾದ ಮೇಲೆ ಪೈಪು ತೆಗೆದರೂ ಪಿತ್ತ ಹೊಟ್ಟೆಗೆ ಚೆಲ್ಲದು. ಯಕೃತ್ತಿನ ದಾರಿಯಲ್ಲಿ ಅದಕ್ಕೆ ಎರಡು ಮೂರು ವಾರವಾದರೂ ಬೇಕು, ಇನ್ನೊಂದು ದಾರಿಯಲ್ಲಿ ಅದಕ್ಕಿಂತ ಹೆಚ್ಚು. ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಮಾತ್ರೆ, ಹೊಟ್ಟೆಯಲ್ಲಿ ನೀರು, ಸೊರಗಿದ ಮೈ ಇದ್ದವರಲ್ಲಿ ಇನ್ನೂ ನಿಧಾನ. ಅಂದರೆ ಯಾರಿಗೆ ಪೈಪು ಬೇಕೋ ಅವರಲ್ಲೇ ಕೊಳವೆ ಕಟ್ಟುವುದು ತಡ. ಮೊದಲ ವಾರದಲ್ಲೇ ಪೈಪು ಜಾರಿ ಬಂದರೆ ಅದು ತುರ್ತು. ಪಿತ್ತ ಹೊಟ್ಟೆಯೊಳಗೆ ಚೆಲ್ಲಿ ಪೊರೆಯೆಲ್ಲ ಉರಿಗೆದ್ದು, ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಕೊಳವೆ ಗಟ್ಟಿಯಾದ ಮೇಲೆ ಜಾರಿದರೆ, ಅದು ಮುಚ್ಚಿಕೊಳ್ಳುವುದರೊಳಗೆ ಅದೇ ದಾರಿಯಲ್ಲಿ ತಂತಿ ಕಳಿಸಿ ಹೊಸ ಪೈಪು ಹಾಕಬಹುದು. ಆದರೆ ಮುಚ್ಚಿಕೊಳ್ಳಲು ಬಹಳ ಹೊತ್ತು ಬೇಡ.

ಈ ಪೈಪಿನ ಅತಿ ಸಾಮಾನ್ಯ ತೊಡಕು ಯಾವುದೆಂದರೆ ಇದೇ, ಜಾರುವುದು. ಆಸ್ಪತ್ರೆಯಲ್ಲಿ ಎರಡನೇ ರಾತ್ರಿ ದೊಡ್ಡಪ್ಪನಿಗೆ ಭ್ರಮೆ ಕವಿದಿತ್ತು. ಮುದುಕರಲ್ಲಿ ನಂಜೂ ಅಪರಿಚಿತ ಜಾಗವೂ ಸೇರಿದರೆ ರಾತ್ರಿ ಹೀಗಾಗುತ್ತದಂತೆ. ‘ಇದೆಂಥ ಮಾರಾಯ, ದನಕ್ಕೆ ಹಗ್ಗ ಕಟ್ಟಿದ ಹಾಗೆ ಕಟ್ಟಿದ್ದೀರಿ’ ಎಂದು ಪೈಪಿಗೆ ಕೈ ಹಾಕಿದರು. ‘ದೊಡ್ಡಪ್ಪ, ಬೇಡಿ, ಬೇಡಿ’ ಎನ್ನುತ್ತ ಬೆಳಗಿನವರೆಗೆ ಅವರ ಕೈ ಹಿಡಿದು ಕೂತಿದ್ದೆ. ಅವತ್ತು ಉಳಿದ ಪೈಪು ಐದನೇ ವಾರ ಮನೆಯಲ್ಲಿ ಜಾರಿತು. ನಿದ್ದೆಯಲ್ಲಿ ಮಗ್ಗುಲಾಗುವಾಗ ಚೀಲ ಮಂಚದ ಪಟ್ಟಿಗೆ ಸಿಕ್ಕಿ, ಹೊಲಿಗೆ ಕಿತ್ತು, ಎರಡು ಇಂಚು ಹೊರಬಂತು. ಡಿಸ್ಚಾರ್ಜಿನ ದಿನ ನರ್ಸ್ ಒಬ್ಬರು ಚರ್ಮದ ಬಳಿ ಪೈಪಿನ ಮೇಲೆ ಮಸಿಯಲ್ಲಿ ಗುರುತು ಮಾಡಿ, ‘ಇದು ಹೊರಗೆ ಸರಿದರೆ ವಾಪಸ್ ಒಳಗೆ ತಳ್ಳಬೇಡಿ, ಇದ್ದಲ್ಲೇ ಪ್ಲಾಸ್ಟರ್ ಹಾಕಿ ಹೊರಟುಬನ್ನಿ’ ಎಂದು ಹೇಳಿದ್ದರು. ಪೈಪಿನ ಸುರುಳಿಯಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಅರ್ಧ ಜಾರಿದ ಪೈಪಿನ ತೂತುಗಳು ಪಿತ್ತಕೋಶದ ಹೊರಗೆ ಬಂದು ಅಲ್ಲೇ ಚೆಲ್ಲುತ್ತವೆ, ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ರಾತ್ರಿ ಎರಡಕ್ಕೆ ಜೀಪು ಹೊರಡಿಸಿ ಘಾಟಿ ಇಳಿದೆವು. ಒಂದೊಂದು ತಿರುವಿನಲ್ಲೂ ದೊಡ್ಡಪ್ಪನ ಪಕ್ಕೆಯ ಮೇಲೆ ಅಂಗೈ ಒತ್ತಿ ಹಿಡಿದಿದ್ದೆ. ಬೆಳಿಗ್ಗೆ ಹಳೇ ದಾರಿಯಲ್ಲೇ ಹೊಸ ಪೈಪು ಕೂತಿತು. ಈ ಕೆಲಸ ಬಲ್ಲ ರೇಡಿಯಾಲಜಿ ತಜ್ಞರು ಇರುವುದು ದೊಡ್ಡ ಊರುಗಳಲ್ಲಿ. ಪೈಪು ಜಾರುವುದು ಹಳ್ಳಿಯ ಮಂಚದಲ್ಲಿ. ನಡುವಿನ ದೂರವೂ ರೋಗಿಯ ರಿಸ್ಕಿನೊಳಗೇ ಸೇರಬೇಕು ಎನ್ನುವುದು ನನ್ನ ಅಭಿಪ್ರಾಯ. ಅಪಾಚೆ ಲೆಕ್ಕದಲ್ಲಿ ಅದಕ್ಕೆ ಅಂಕವಿಲ್ಲ.

ಜಾರದಿದ್ದರೆ ಕಟ್ಟಿಕೊಳ್ಳುತ್ತದೆ. ಗಸಿ ಬಂದು ನಿಲ್ಲುತ್ತದೆ. ಹೇಳಿಕೊಟ್ಟ ಪ್ರಕಾರ ಶುದ್ಧ ಸಲೈನನ್ನು ಸಿರಿಂಜಿನಲ್ಲಿ ಮೆಲ್ಲಗೆ ಬಿಡಬೇಕು, ಐದರಿಂದ ಹತ್ತು ಮಿಲಿಲೀಟರ್, ಕೈ ಸ್ವಚ್ಛ ತೊಳೆದು. ತಡೆದರೆ ಬಲ ಹಾಕುವಂತಿಲ್ಲ. ಬಹುಕಾಲ ಇಡಬೇಕಾದ ಪೈಪನ್ನು ಎರಡು ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಪೈಪಿನ ಬುಡದಲ್ಲಿ ಪಿತ್ತ ಒಸರಿದರೆ ಚರ್ಮ ಸುಲಿದಂತಾಗಿ ಉರಿಯುತ್ತದೆ. ಚೀಲವನ್ನು ಪಕ್ಕೆಗಿಂತ ಕೆಳಗಿಡಬೇಕು, ತುಂಬುವ ಮೊದಲೇ ಖಾಲಿ ಮಾಡಬೇಕು, ಇಲ್ಲವಾದರೆ ಅದರ ಭಾರವೇ ಪೈಪನ್ನು ಎಳೆಯುತ್ತದೆ.

ಚೀಲ ಓದುವುದನ್ನು ನಾನು ಕಲಿತದ್ದು ಹೀಗೆ. ನಾಳ ಇನ್ನೂ ಮುಚ್ಚಿದ್ದರೆ ಪಿತ್ತಕೋಶಕ್ಕೆ ಹೊಸ ಪಿತ್ತ ಬರುವ ದಾರಿಯೇ ಇಲ್ಲ, ಅದರ ಗೋಡೆ ಒಸರುವ ಬಣ್ಣವಿಲ್ಲದ ಲೋಳೆ ಸ್ವಲ್ಪ ಬರುತ್ತದೆ. ಹೊನ್ನಿನ ಬಣ್ಣದ ರಸ ಬಂತೆಂದರೆ ಕಲ್ಲು ಸರಿದು ನಾಳ ತೆರೆದಿದೆ ಎಂದರ್ಥ. ನಮ್ಮಲ್ಲಿ ಆರನೇ ದಿನ ಹಳದಿ ಕಂಡಾಗ ವೈದ್ಯರಿಗೆ ಫೋಟೋ ಕಳಿಸಿ ಸಂಭ್ರಮಿಸಿದೆವು. ಆದರೆ ಮೂರನೇ ವಾರ ದಿನಕ್ಕೆ 500, 600 ಬರತೊಡಗಿತು. ದೊಡ್ಡಪ್ಪ ಎದ್ದು ನಿಂತರೆ ತಲೆ ಸುತ್ತಿತು. ಪಿತ್ತದ ಜೊತೆಗೆ ಮೈಯ ಉಪ್ಪೂ ನೀರೂ ಹೊರಟುಹೋಗುತ್ತವೆ, ಸೋತ ಮೂತ್ರಪಿಂಡಕ್ಕೆ ಅದೊಂದು ಪೆಟ್ಟು. ಬಹುದಿನ ಪಿತ್ತವೆಲ್ಲ ಹೊರಗೇ ಹೋದರೆ ಜಿಡ್ಡಿನೊಡನೆ ಮೈಗೆ ಸೇರಬೇಕಾದ ಕೆ ಜೀವಸತ್ವವೂ ಸೇರದೆ ರಕ್ತ ಹೆಪ್ಪುಗಟ್ಟುವುದು ಇನ್ನಷ್ಟು ನಿಧಾನವಾಗುತ್ತದೆ. ಅಷ್ಟೊಂದು ಬರುತ್ತಿದ್ದರೆ ಕೆಳಗಿನ ಮುಖ್ಯ ಪಿತ್ತನಾಳದಲ್ಲೂ ತಡೆಯಿದೆಯೇ ಎಂದು ನೋಡಬೇಕು. ದೊಡ್ಡಪ್ಪನಿಗೆ ಅಲ್ಲೊಂದು ಸಣ್ಣ ಕಲ್ಲು ಇಳಿದಿತ್ತು, ಎಂಡೋಸ್ಕೋಪಿಯಲ್ಲಿ ತೆಗೆದರು. ಕ್ಯಾಲೆಂಡರಿನ ಲೆಕ್ಕ ಅವತ್ತು ಕೆಲಸಕ್ಕೆ ಬಂತು.

ಯಾವ ವರದಿಯಲ್ಲೂ ಬಾರದ ತೊಡಕು ಇನ್ನೊಂದಿದೆ. ದೊಡ್ಡಪ್ಪ ಅರವತ್ತು ವರ್ಷ ತಪ್ಪದೆ ಬೆಳಿಗ್ಗೆ ಮಿಂದು ದೇವರ ಕೋಣೆಗೆ ಹೋದವರು. ಪಕ್ಕೆಯಲ್ಲಿ ಚೀಲ ತೂಗಿದ ದಿನದಿಂದ ಹೊಸ್ತಿಲಾಚೆಯೇ ನಿಂತರು. ಯಾರು ಹೇಳಿದರೂ ಕೇಳಲಿಲ್ಲ. ನೆಂಟರು ಬಂದರೆ ಚೀಲದ ಮೇಲೆ ಶಾಲು ಹೊದ್ದುಕೊಂಡು ಕೂರುತ್ತಿದ್ದರು. ಕೊನೆಗೆ ದೊಡ್ಡಮ್ಮ ಹಳೇ ಪಂಚೆಯಿಂದ ಜೋಳಿಗೆ ಹೊಲಿದು, ಚೀಲವನ್ನು ಅದರಲ್ಲಿಟ್ಟು ಸೊಂಟಕ್ಕೆ ಕಟ್ಟಿದಳು. ಪೈಪು ಎಳೆಯುವುದು ಅದರಿಂದ ಕಡಿಮೆಯಾಯಿತು, ನಾಚಿಕೆಯೂ ಅಷ್ಟಿಷ್ಟು.

ಚೀಲವೇ ಇಲ್ಲದ ದಾರಿಯೂ ಈಗ ಬಂದಿದೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶವನ್ನು ನೋಡುತ್ತ, ಜಠರದಿಂದಲೋ ಸಣ್ಣ ಕರುಳಿನ ಮೊದಲ ಭಾಗದಿಂದಲೋ ಡಮರುವಿನಾಕಾರದ ಲೋಹದ ಸ್ಟೆಂಟನ್ನು ಕೂರಿಸುತ್ತಾರೆ. ಡಮರುವಿನ ಎರಡು ಅಗಲ ತುದಿಗಳು ಎರಡೂ ಗೋಡೆಗಳನ್ನು ಒಂದಕ್ಕೊಂದು ಅವಚಿ ಹಿಡಿಯುತ್ತವೆ, ಪಿತ್ತ ಒಳಗೇ ಕರುಳಿಗೆ ಹರಿಯುತ್ತದೆ. ಪೆಟಿ ಹುಡುಕಿದ ಅಂಟನ್ನು ಇಲ್ಲಿ ಲೋಹವೇ ಮಾಡಿಕೊಡುತ್ತದೆ. ಆಪರೇಷನ್ ತಾಳಲಾರದವರಲ್ಲಿ ಇದನ್ನು ಚರ್ಮದ ಪೈಪಿನೊಡನೆ ಹೋಲಿಸಿದ, ಹಾಂಕಾಂಗಿನ ವೈದ್ಯರ ಮುಂದಾಳತ್ವದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ತೊಡಕು ಕಂಡವರು ಸ್ಟೆಂಟಿನ 39 ಮಂದಿಯಲ್ಲಿ 10, ಪೈಪಿನ 40 ಮಂದಿಯಲ್ಲಿ 31. ಎಂದಿಗೂ ಆಪರೇಷನ್ ಆಗದವರಿಗೆ, ಪೈಪಿನೊಡನೆಯೇ ಉಳಿದ ದಿನ ಕಳೆಯಬೇಕಾದವರಿಗೆ ಇದು ನಿಜವಾಗಿ ಆಸೆ ಹುಟ್ಟಿಸುವಂಥದ್ದು. ಆದರೆ ಪಳಗಿದ ಕೈ ಬೇಕು, ಸ್ಟೆಂಟಿಗೆ ದುಬಾರಿ ಬೆಲೆ ತೆರಬೇಕು, ಮುಂದೆ ಆಪರೇಷನ್ ಮಾಡುವುದಾದರೆ ಅದನ್ನು ಕಷ್ಟವಾಗಿಸಲೂಬಹುದು.

ನಮ್ಮ ಮನೆಯ ಪೈಪು ಹೊರಬಂದದ್ದು ಆಪರೇಷನ್ನಿನ ಜೊತೆಗೇ. ಎಂಟನೇ ವಾರ ಪೈಪಿನ ಮೂಲಕ ಬಣ್ಣದ ದ್ರವ ಬಿಟ್ಟು ಎಕ್ಸ್-ರೇ ತೆಗೆದರು. ಅದು ಪಿತ್ತಕೋಶದಿಂದ ಇಳಿದು, ನಾಳ ದಾಟಿ, ಕರುಳು ಸೇರುವುದನ್ನು ಪರದೆಯ ಮೇಲೆ ನನಗೂ ತೋರಿಸಿದರು. ಹೃದ್ರೋಗ ತಜ್ಞರು ಮಾತ್ರೆಗಳನ್ನು ಹೊಂದಿಸಿದರು. ಹನ್ನೊಂದನೇ ವಾರ ಲ್ಯಾಪ್ರೊಸ್ಕೋಪಿ ಆಯಿತು. ಪೈಪಿನ ಸುತ್ತ ಎಲ್ಲ ಅಂಟಿಕೊಂಡಿದ್ದರಿಂದ ಒಂದು ಗಂಟೆ ಅಂದುಕೊಂಡದ್ದು ಮೂರು ಗಂಟೆ ಹಿಡಿಯಿತು. ಸಣ್ಣ ಬಾಟಲಿಯಲ್ಲಿ ಕಾಳುಮೆಣಸಿನಂಥ ಒಂಬತ್ತು ಕಲ್ಲು ಕೊಟ್ಟರು. ದೊಡ್ಡಪ್ಪ ಅವನ್ನು ಎಣಿಸಿ ನೋಡಿ, ‘ಒಣಗಿಸಿದ್ದು ಸಾಲದು’ ಎಂದರು.

ಕ್ಯಾಲೆಂಡರಿನಲ್ಲಿ ನನ್ನ ಕೈಬರಹದ ಕೊನೆಯ ಸಾಲು, ‘ಬೆ. 110, ಹಳದಿ. ರಾತ್ರಿಯಿಂದ ಉಪವಾಸ.’ ಅದರ ಕೆಳಗಿನ ಚೌಕಗಳಲ್ಲಿ ಬರೀ ಹಾಲಿನ ಲೆಕ್ಕವಿದೆ.